ತೊಳೆಯಬಾರದಿದ್ದ ಕೆಟಲ್

ಆ ಮನೆಯೊಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಹೊರಗಿನ ಬೆಳಕಿಗೆ ಒಗ್ಗಿದ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮೂಗಿಗೆ ಎಲ್ಲ ಗೊತ್ತಾಗಿರುತ್ತದೆ: ಸೌದೆಯ ಹೊಗೆ, ಹಳೆಯ ಹುಲ್ಲು, ತಣ್ಣನೆಯ ಮಣ್ಣು. ಆಮೇಲೆ ನಡುಮನೆಯ ನೆಲದಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಅದು ಕೆಂಡ. ಹಲಗೆಯ ನೆಲದ ನಡುವೆ ಚೌಕನೆಯ ಗುಂಡಿ ಬಿಟ್ಟು, ಅದರ ತುಂಬ ಬೂದಿ ಹಾಕಿ, ಬೂದಿಯ ಮಧ್ಯೆ ಬೆಂಕಿ ಉರಿಸುತ್ತಾರೆ. ಮೇಲೆ ಮಾಡಿನಿಂದ ಇಳಿಬಿಟ್ಟ ಕೊಕ್ಕೆ. ಕೊಕ್ಕೆಯನ್ನು ಏರಿಸಿ ಇಳಿಸಲು ಒಂದು ಮರದ ಮೀನು, ಮೀನಿನ ಕೆಳಗೆ ಕಬ್ಬಿಣದ ಕೆಟಲ್. ನಾನು ಹೇಳಹೊರಟಿರುವುದು ಆ ಕೆಟಲ್ಲಿನ ವಿಷಯ.

ನಾವಿರುವುದು ಯೋಕೋಹಾಮಾದಲ್ಲಿ. ನನ್ನ ಗಂಡನ ಆಫೀಸು ಟೋಕಿಯೋದಲ್ಲಿ. ಬೆಳಿಗ್ಗೆ ಏಳೂವರೆಯ ರೈಲಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾರೆ. ಬೆಂಗಳೂರಿನ ಕಂಪನಿ ಎರಡು ವರ್ಷಕ್ಕೆಂದು ಕಳಿಸಿದ್ದು ಒಂಬತ್ತು ವರ್ಷವಾಗಿತ್ತು. ಮಗಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಹೋಳಿಗೆ ಬೇಕಾದಾಗ ಮಾತ್ರ ಕನ್ನಡ. ಶಾಲೆಯ ಅಮ್ಮಂದಿರು ನನ್ನನ್ನು ಇಂಥವಳ ತಾಯಿ ಅಂತ ಮಗಳ ಹೆಸರು ಹಿಡಿದು ಕರೆಯುತ್ತಾರೆ. ಆಫೀಸಿನ ಪಾರ್ಟಿಯಲ್ಲಿ ನಾನು ಇಂಥವರ ಹೆಂಡತಿ. ಕೊಂಬಿನಿ ಅಂಗಡಿಯ ಹುಡುಗಿ ಏನೂ ಕರೆಯುವುದಿಲ್ಲ, ಚೀಲ ಬೇಕೇ ಅಂತಷ್ಟೇ ಕೇಳುತ್ತಾಳೆ. ದೂರು ಹೇಳುತ್ತಿಲ್ಲ. ಒಂಬತ್ತು ವರ್ಷದಲ್ಲಿ ಯಾರೂ ನನ್ನನ್ನು ನೋಯಿಸಿಲ್ಲ. ಆದರೆ ಈ ದೇಶದಲ್ಲಿ ನಾನು ಹೋಗದಿದ್ದರೆ ನಿಂತುಹೋಗುವಂಥ ಕೆಲಸ ನನ್ನ ಅಡುಗೆಮನೆಯ ಹೊರಗೆ ಒಂದೂ ಇರಲಿಲ್ಲ.

ಮೂರನೇ ಕ್ಲಾಸಿನ ಮಕ್ಕಳಿಗೆ ಇಲ್ಲಿ ಹಿಂದಿನ ಕಾಲದ ಬದುಕಿನ ಮೇಲೆ ಪಾಠವಿದೆ. ಅದಕ್ಕಾಗಿ ಮಗಳ ಕ್ಲಾಸನ್ನು ಒಂದು ಗುಡ್ಡದ ಮೇಲಿನ ಬಯಲು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಜೊತೆಗೆ ಇಬ್ಬರು ತಾಯಂದಿರು ಬೇಕಾಗಿತ್ತು, ನಾನು ಕೈಯೆತ್ತಿದೆ. ಬೇರೆ ಬೇರೆ ಸೀಮೆಯ ರೈತರ ಮನೆಗಳನ್ನು ಹಲಗೆ ಹಲಗೆಗೂ ನಂಬರ್ ಬರೆದು ಬಿಚ್ಚಿ, ಲಾರಿಯಲ್ಲಿ ತಂದು, ಆ ಗುಡ್ಡದ ಮರಗಳ ನಡುವೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ನಾರ್ವೆಯಲ್ಲೂ ಇಂಥವು ಇವೆಯಂತೆ, ಅಲ್ಲಿಯ ಮಾಡಿನ ಮೇಲೆ ಹಸಿ ಹುಲ್ಲೇ ಬೆಳೆದು ಹೂ ಬಿಡುತ್ತದಂತೆ ಎಂದು ಟೀಚರ್ ಹೇಳಿದರು. ಇಲ್ಲಿಯದು ಒಣಹುಲ್ಲಿನ ಮಾಡು, ಒಂದು ಮೊಳಕ್ಕಿಂತ ದಪ್ಪ. ಮಕ್ಕಳು ಕುತ್ತಿಗೆಗೆ ಹಲಗೆ, ಹಲಗೆಗೆ ಹಾಳೆ, ಹಾಳೆಗೆ ದಾರದಲ್ಲಿ ಪೆನ್ಸಿಲ್ ಕಟ್ಟಿಕೊಂಡು ಮನೆಯಿಂದ ಮನೆಗೆ ಓಡುತ್ತಿದ್ದವು.

ಆ ಕತ್ತಲೆಯ ಮನೆಯಲ್ಲಿ ಬೆಂಕಿಯ ಪಕ್ಕ ಒಬ್ಬ ಹಿರಿಯಾಕೆ ಕೂತಿದ್ದರು. ಎಂಬತ್ತರ ಹತ್ತಿರದವರು. ನೀಲಿ ಬಟ್ಟೆಯ ಅಗಲ ಪೈಜಾಮ, ತಲೆಗೆ ಕಟ್ಟಿದ ಬಿಳಿ ಟವೆಲ್, ಗುಬ್ಬಿಯಷ್ಟು ಸಣ್ಣ ದೇಹ. ಎಲ್ಲರೂ ಅವರನ್ನು ಹೆಸರಿಗೆ ಮರ್ಯಾದೆಯ ಸಾನ್ ಸೇರಿಸಿ ಕರೆಯುತ್ತಿದ್ದರು. ನಾನೂ ಬಾಯಲ್ಲಿ ಹಾಗೇ ಕರೆದೆ, ಮನಸ್ಸಿನಲ್ಲಿ ಮಾತ್ರ ಅವರು ಮೊದಲ ದಿನದಿಂದಲೇ ದೊಡ್ಡಮ್ಮ. ಅವರು ಮಕ್ಕಳಿಗೆ ಹೇಳುತ್ತಿದ್ದುದು ಇದು: ಈ ಬೆಂಕಿ ಅಡುಗೆಗಲ್ಲ, ಚಳಿಗೂ ಅಲ್ಲ. ಹೊಗೆಗೆ. ಹೊಗೆ ಮೇಲೇರಿ ಹುಲ್ಲಿನ ಮಾಡನ್ನು ಒಣಗಿಸಿಡುತ್ತದೆ, ಹುಳ ಹತ್ತದಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಜನ ಇದ್ದಾಗ ಅದು ತಾನಾಗಿಯೇ ಆಗುತ್ತಿತ್ತು. ಈಗ ಯಾರೂ ಇಲ್ಲ. ಅದಕ್ಕೆ ನಾವೊಂದು ಹತ್ತು ಜನ ಸರದಿಯ ಮೇಲೆ ಬಂದು, ಮನೆಯವರ ಹಾಗೆ ಕೂತು ಬೆಂಕಿ ಹಾಕುತ್ತೇವೆ.

ಉಣ್ಣುವವರಿಲ್ಲದ ಮನೆಯ ಒಲೆಯನ್ನು ಆರದಂತೆ ಕಾಯುವ ಕೆಲಸ. ನನಗೆ ಮೈಯೆಲ್ಲ ಕಿವಿಯಾಯಿತು.

ನನ್ನ ಮುಖ ಕಂಡು ಅವರು ಯಾವ ದೇಶ ಅಂತ ಕೇಳಿದರು. ಇಂಡಿಯಾ ಅಂದೆ. ಹಾಗಾದರೆ ಸೌದೆಯ ಬೆಂಕಿ ನಿಮಗೆ ಚೆನ್ನಾಗಿ ಗೊತ್ತಿರಬೇಕಲ್ಲ ಅಂದರು. ನಾನು ಹೌದೆಂದು ತಲೆಯಾಡಿಸಿಬಿಟ್ಟೆ.

ಅದು ಶುದ್ಧ ಸುಳ್ಳು. ಮೈಸೂರಿನ ನಮ್ಮ ಮನೆಗೆ ನಾನು ಹುಟ್ಟುವ ಮೊದಲೇ ಗ್ಯಾಸ್ ಬಂದಿತ್ತು, ಸ್ನಾನಕ್ಕೆ ಕರೆಂಟಿನ ಬಾಯ್ಲರು. ಸೌದೆಯ ಒಲೆ ನಾನು ನೋಡಿದ್ದೆಂದರೆ ನಮ್ಮ ಕಾನ್ವೆಂಟಿನ ಹಿಂಬದಿಯ ಅಡುಗೆಮನೆಯಲ್ಲಿ, ಅದೂ ಬಾಗಿಲ ಸಂದಿಯಿಂದ. ನಾನು ಹಚ್ಚಿದ ಬೆಂಕಿ ಎಂದರೆ ದೇವರ ದೀಪ ಮತ್ತು ಊದುಬತ್ತಿ. ರೈಲಿನಲ್ಲಿ ವಾಪಸು ಬರುವಾಗ ಮಗಳು ನನ್ನ ಕಿವಿಯ ಹತ್ತಿರ ಬಂದು, ಅಮ್ಮ ಆ ಅಜ್ಜಿಗೆ ಸುಳ್ಳು ಹೇಳಿದಳು ಅಂತ ಜಪಾನಿಯಲ್ಲಿ ಪಿಸುಗುಟ್ಟಿದಳು. ಎದುರಿಗೆ ಕೂತಿದ್ದವರೆಲ್ಲ ನನ್ನನ್ನು ನೋಡಿದರು.

ಎರಡು ವಾರ ಬಿಟ್ಟು ಮ್ಯೂಸಿಯಂಗೆ ಒಂದು ಪತ್ರ ಬರೆದೆ. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರ ಜಪಾನಿ ಲಿಪಿಗೆ ಬಂದಾಗ ಹೊಸದಾಗಿ ನಡೆಯುವ ಮಗುವಿನ ಹಾಗಾಗುತ್ತದೆ. ನಾಲ್ಕು ಸಲ ತಿದ್ದಿ ಬರೆದೆ. ಬೆಂಕಿ ಕಾಯುವವರ ಗುಂಪಿಗೆ ಸೇರಬಹುದೇ ಅಂತ. ಉತ್ತರ ಬಂತು. ನಾಲ್ಕು ಮಂಗಳವಾರ ಕಲಿಯಲು ಬನ್ನಿ, ಆಮೇಲೆ ಗುಂಪಿನವರು ಕೂತು ತೀರ್ಮಾನ ಮಾಡುತ್ತಾರೆ. ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಗಂಡ ಅದನ್ನು ಓದಿ, ಇಂಟರ್‌ವ್ಯೂ ಕಾಲ್ ಬಂದ ಹಾಗಿದೆ ಕಣೇ ಅಂದರು. ತಮಾಷೆಗೇ ಅಂದದ್ದು, ಆದರೆ ನನಗೆ ಹಾಗೇ ಅನ್ನಿಸಿತ್ತು.

ಮೊದಲ ಮಂಗಳವಾರ ದೊಡ್ಡಮ್ಮ ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟು ಕೂತರು. ನಾನು ಕಡ್ಡಿ ಗೀರಿದೆ, ಊದಿದೆ, ಮತ್ತೆ ಗೀರಿದೆ. ಅರ್ಧ ಪೊಟ್ಟಣ ಮುಗಿಯಿತು. ಹೊಗೆ ಬಂತು, ಕಣ್ಣೀರು ಬಂತು, ಬೆಂಕಿ ಬರಲಿಲ್ಲ. ಅವರು ಬಹಳ ಹೊತ್ತು ನೋಡಿ, ನಿಮ್ಮ ದೇಶದ ಬೆಂಕಿ ಬೇರೆ ಜಾತಿಯದಿರಬೇಕು ಎಂದು ನಗದೆ ಹೇಳಿದರು. ಗುಂಪಿನಲ್ಲಿದ್ದ ಇನ್ನೊಬ್ಬರು, ರೈಲ್ವೆಯಿಂದ ರಿಟೈರ್ ಆದ ಹಿರಿಯರು, ಬಾಗಿಲ ಕಡೆ ತಿರುಗಿ ಕೆಮ್ಮಿದರು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತಾಯಿತು. ಆಗಲೇ ತಪ್ಪೊಪ್ಪಿಕೊಂಡೆ, ನನಗೆ ಗ್ಯಾಸ್ ಒಂದೇ ಗೊತ್ತಿರುವುದು ಅಂತ. ಗೊತ್ತಿತ್ತು ಅಂದರು ದೊಡ್ಡಮ್ಮ. ಬೆಂಕಿ ಬಲ್ಲವರು ಬಿಳಿ ಕಾಲುಚೀಲ ಹಾಕಿಕೊಂಡು ಬರುವುದಿಲ್ಲ.

ಆ ಬೆಂಕಿಯ ಸುತ್ತ ಕೂರುವುದಕ್ಕೂ ಕ್ರಮವಿದೆ. ಬಾಗಿಲಿಗೆ ಮುಖ ಮಾಡಿದ ಜಾಗ ಮನೆಯ ಯಜಮಾನನದು. ಅವನ ಒಂದು ಪಕ್ಕ ಬಂದವರಿಗೆ. ಇನ್ನೊಂದು ಪಕ್ಕ, ಅಡುಗೆಯ ಕಡೆಯದು, ಮನೆಯ ಗೃಹಿಣಿಗೆ. ಕೆಟಲ್ ಮತ್ತು ಸೌಟು ಅವಳ ಕೈಗೆ ಎಟುಕುವಂತಿರುತ್ತವೆ. ನಾಲ್ಕನೆಯದು ಸೌದೆಯ ಬಾಲಗಳು ಚಾಚಿಕೊಂಡಿರುವ ಕಡೆ. ಹೊಗೆ ಬಂದು ಬಡಿಯುವುದು ಅಲ್ಲಿಗೇ. ಅದು ಹೊಸ ಸೊಸೆಯ ಜಾಗ. ಕಲಿಯಲು ಬಂದವರಿಗೂ ಅದೇ. ನಾನು ಅಲ್ಲಿ ಮೊಣಕಾಲೂರಿ ಕೂತೆ, ಕಣ್ಣು ಒರೆಸಿಕೊಳ್ಳುತ್ತ ಕಲಿತೆ. ಸೌದೆಯನ್ನು ನಡುವೆ ಸುಡಬಾರದು, ತುದಿಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಉರಿ ಎತ್ತರ ಏಳಬಾರದು, ಏಕೆಂದರೆ ಬೇಕಾಗಿರುವುದು ಹೊಗೆ. ಊದಲು ಬಿದಿರಿನ ಕೊಳವೆ ಇತ್ತು, ನಮ್ಮ ಊದುಗೊಳವೆಯೇ. ಕೆಂಡವನ್ನು ಸಂಜೆ ಬೂದಿಯೊಳಗೆ ಹುಗಿದು, ಬೂದಿಯ ಮೇಲ್ಮೈಯನ್ನು ಹಿತ್ತಾಳೆಯ ಸಣ್ಣ ಬಾಚಣಿಗೆಯಿಂದ ಗೆರೆ ಗೆರೆಯಾಗಿ ಬಾಚಬೇಕು. ಆ ಗೆರೆಗಳನ್ನು ಎಳೆಯುವುದರಲ್ಲಿ ನಾನು ಬೇಗ ಕೈ ಪಳಗಿಸಿಕೊಂಡೆ. ಬಾಗಿಲಿಗೆ ರಂಗೋಲಿ ಹಾಕಿದ ಕೈ. ಎರಡನೆಯ ಮಂಗಳವಾರ ದೊಡ್ಡಮ್ಮ ಆ ಗೆರೆಗಳನ್ನು ನೋಡಿ, ಅಳಿಸದೆ ಬಿಟ್ಟರು. ಮನೆಗೆ ಬಂದು ಅದನ್ನೇ ನಾಲ್ಕು ಸಲ ಹೇಳಿದೆನಂತೆ.

ಮೂರನೆಯ ಮಂಗಳವಾರ ನಾನು ಹೋದಾಗ ಅವರಿಗೆ ಕೆಳಗಿನ ಮನೆಯಲ್ಲಿ ಬಂದವರಿಗೆ ವಿವರಿಸುವ ಕೆಲಸವಿತ್ತು. ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ, ಬೆಂಕಿ ನೋಡಿಕೊಳ್ಳಿ, ಮನೆಯನ್ನು ಸ್ವಲ್ಪ ಚೊಕ್ಕಟ ಮಾಡಿಡಿ ಎಂದು ಹೇಳಿ ಹೋದರು. ಮೊದಲ ಸಲ ಆ ಮನೆಯಲ್ಲಿ ನಾನೊಬ್ಬಳೇ. ಗುಡಿಸಿದೆ, ಹಲಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಗೋಡೆಯ ಬುಟ್ಟಿ, ರಾಟೆ, ಒನಕೆ, ಎಲ್ಲಕ್ಕೂ ಬಿಳಿ ಚೀಟಿಯ ಮೇಲೆ ಸಣ್ಣ ನಂಬರ್ ಇರುತ್ತದೆ. ನಂಬರ್ ಇದ್ದದ್ದನ್ನು ಮುಟ್ಟಬಾರದೆಂದು ಮೊದಲ ದಿನವೇ ಹೇಳಿದ್ದರು. ಮುಟ್ಟಲಿಲ್ಲ.

ಕೆಟಲ್‌ಗೆ ನಂಬರ್ ಇರಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಾವು ಕಸೂತಿ ಹಾಕಿ ತಂದ ಕರವಸ್ತ್ರದ ಮುಂಭಾಗವನ್ನು ಅವರು ನೋಡುತ್ತಲೇ ಇರಲಿಲ್ಲ. ಮಗುಚಿ ಹಿಂಭಾಗ ನೋಡುತ್ತಿದ್ದರು. ಹಿಂದೆ ಗಂಟು, ಎಳೆ ಕಂಡರೆ ಮುಂದೆ ಗುಲಾಬಿ ಎಷ್ಟು ಚೆನ್ನಾಗಿ ಅರಳಿದ್ದರೂ ಬಿಚ್ಚಿಸುತ್ತಿದ್ದರು. ಅವರ ದೆಸೆಯಿಂದ ಇವತ್ತಿಗೂ ನಾನು ತಟ್ಟೆ ತೊಳೆದರೆ ತಳ ಮೊದಲು ನೋಡುತ್ತೇನೆ. ಆ ದಿನ ಕೆಟಲನ್ನು ಕೊಕ್ಕೆಯಿಂದ ಇಳಿಸಿ ಆರಲು ಬಿಟ್ಟು, ಮಗುಚಿ ನೋಡಿದೆ. ಕೈಯೆಲ್ಲ ಮಸಿ. ಮಸಿಯೆಂದರೆ ಎಂಥದು, ಬೆರಳಿನ ಉಗುರು ಊರಿದರೆ ಗುರುತು ಬೀಳುವಷ್ಟು. ದೊಡ್ಡಮ್ಮನಿಗೆ ವಯಸ್ಸಾಗಿದೆ, ಉಜ್ಜಲು ಕೈಯಲ್ಲಿ ಶಕ್ತಿಯಿಲ್ಲ, ಉಳಿದವರು ಗಂಡಸರು, ಅವರಿಗೆ ಕಾಣುವುದಿಲ್ಲ. ದೇವರೇ ನನ್ನನ್ನು ಕಳಿಸಿದ್ದಾನೆ ಅಂದುಕೊಂಡೆ.

ಮನೆಯ ಹಿಂದೆ ನಲ್ಲಿ. ನಲ್ಲಿಯ ಪಕ್ಕ ಮೊಳೆಗೆ ನೇತುಹಾಕಿದ ಕಂದು ನಾರಿನ ಉಂಡೆ, ನಮ್ಮ ತೆಂಗಿನ ನಾರಿನ ಅಕ್ಕನ ಮಗಳ ಹಾಗೆ. ಬೂದಿಗಂತೂ ಬರವಿಲ್ಲ. ಕುಕ್ಕುರುಗಾಲಲ್ಲಿ ಕೂತು ಮುಕ್ಕಾಲು ಗಂಟೆ ಉಜ್ಜಿದೆ. ಮಸಿಯ ನೀರು ಕಲ್ಲಿನ ಮೇಲೆ ಹರಿಯಿತು. ನಿಧಾನವಾಗಿ ಕಬ್ಬಿಣದ ಮೈ ಎದ್ದು ಬಂತು, ಅದರ ತುಂಬ ಹಲಸಿನ ಸಿಪ್ಪೆಯಂಥ ಸಣ್ಣ ಸಣ್ಣ ಮುಳ್ಳು. ಇಷ್ಟು ಚಂದದ ಚಿತ್ತಾರವನ್ನು ಮಸಿಯ ಕೆಳಗೆ ಬಚ್ಚಿಟ್ಟಿದ್ದರಲ್ಲ ಅಂತ ಅನ್ನಿಸಿತು. ಒಳಗೂ ಉಜ್ಜಬೇಕೆಂದು ಕೈ ಹಾಕಿದೆ, ಹೋಗಲಿಲ್ಲ. ನನ್ನ ಬಲಗೈಯಲ್ಲಿ ಅಮ್ಮ ಕೊಟ್ಟ ಎರಡು ಬಳೆಗಳಿವೆ. ಹೆರಿಗೆಯಾದ ಮೇಲೆ ಬಿಗಿಯಾಗಿ, ಸೋಪು ಹಚ್ಚಿದರೂ ಕಳಚುವುದಿಲ್ಲ. ಕೆಟಲ್ಲಿನ ಬಾಯಿ ಆ ಬಳೆಗಳಿಗಿಂತ ಕಿರಿದು. ಎಡಗೈಗೆ ಉಜ್ಜುವ ಬಲವಿಲ್ಲ. ಇಣುಕಿ ನೋಡಿದರೆ ಒಳಗೆ ಗೋಡೆಗೆ ಸುಣ್ಣದಂಥ ಬಿಳಿ ಪದರ. ಅಯ್ಯೋ, ಇದೊಂದು ಉಳಿದುಹೋಯಿತಲ್ಲ ಅಂತ ಕೊರಗುತ್ತ ಬೆಂಕಿಯ ಹತ್ತಿರ ತಂದು ಒಣಗಿಸಿ, ಮತ್ತೆ ನೀರು ತುಂಬಿ ಕೊಕ್ಕೆಗೆ ಹಾಕಿದೆ. ಹಬ್ಬದ ಹಿಂದಿನ ದಿನದ ಪಾತ್ರೆಯ ಹಾಗೆ ಇತ್ತು.

ದೊಡ್ಡಮ್ಮ ಬಂದರು. ಚಪ್ಪಲಿ ಕಳಚಿದರು, ಒಂದರ ಪಕ್ಕ ಒಂದು ಸರಿಯಾಗಿಟ್ಟರು, ಹಲಗೆಯ ಮೇಲೆ ಹತ್ತಿ ಎರಡು ಹೆಜ್ಜೆ ಬಂದು ನಿಂತುಬಿಟ್ಟರು. ಅವರ ಹಿಂದೆ ಬಂದ ರೈಲ್ವೆಯವರು ಹಲ್ಲುಗಳ ಸಂದಿಯಿಂದ ಉಸಿರನ್ನು ಒಳಗೆಳೆದುಕೊಂಡರು. ಇಲ್ಲಿಯವರು ಹಾಗೆ ಉಸಿರೆಳೆದುಕೊಂಡರೆ ಏನೋ ಕೆಟ್ಟಿದೆಯೆಂದು ಒಂಬತ್ತು ವರ್ಷದಲ್ಲಿ ನಾನು ಕಲಿತಿದ್ದೆ. ನನ್ನ ಮುಖದ ನಗು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ರೈಲ್ವೆಯವರೇ ಮೆಲುದನಿಯಲ್ಲಿ ನನಗೆ ಹೇಳಿದರು. ಆ ಕೆಟಲ್ ಮ್ಯೂಸಿಯಂನದಲ್ಲ. ದೊಡ್ಡಮ್ಮನ ಅತ್ತೆಯದು. ಹಿಮ ಬೀಳುವ ಸೀಮೆಯ ಮನೆಯಿಂದ ಬಂದದ್ದು. ಕಬ್ಬಿಣದ ಕೆಟಲ್ಲಿನ ಮಸಿಯನ್ನು ಇಲ್ಲಿ ಯಾರೂ ಉಜ್ಜುವುದಿಲ್ಲ. ವರ್ಷ ವರ್ಷದ ಹೊಗೆ ಅದಕ್ಕೆ ಚರ್ಮವಾಗಿ ಕೂರುತ್ತದೆ, ತುಕ್ಕಿನಿಂದ ಕಾಯುತ್ತದೆ.

ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಟಲನ್ನು ಇಳಿಸಿ, ನೀರು ಚೆಲ್ಲಿ, ತೊಡೆಯ ಮೇಲೆ ಟವೆಲ್ ಹಾಸಿ ಅದರಲ್ಲಿಟ್ಟುಕೊಂಡು ಒಂದೇ ಮಾತು ಕೇಳಿದರು.

"ಒಳಗೂ ಉಜ್ಜಿದಿರಾ?"

ಬಲಗೈ ಎತ್ತಿ ಬಳೆ ತೋರಿಸಿದೆ. "ಕೈ ಹೋಗಲಿಲ್ಲ."

ಅವರು ನನ್ನ ಬಳೆಗಳನ್ನು ನೋಡಿದರು. ಆಮೇಲೆ ತಮ್ಮ ಸಣ್ಣ ಕೈಯನ್ನು ಕೆಟಲ್ಲಿನ ಬಾಯೊಳಗೆ ಮಣಿಕಟ್ಟಿನವರೆಗೆ ಇಳಿಸಿ, ಕಣ್ಣು ಮುಚ್ಚಿ ಒಳಗೋಡೆಯನ್ನು ಸುತ್ತಲೂ ಸವರಿದರು. ಬಸುರಿಯ ಹೊಟ್ಟೆ ನೋಡುವ ಸೂಲಗಿತ್ತಿಯ ಹಾಗೆ. ಬಹಳ ಹೊತ್ತಾಯಿತು.

"ಇದೆ," ಅಂದರು.

ಒಳಗಿನ ಆ ಬಿಳಿ ಪದರ ಐವತ್ತು ಅರವತ್ತು ವರ್ಷ ನೀರು ಕುದಿದು ಕುದಿದು ಕೂತದ್ದಂತೆ. ನೀರಿಗೆ ಸಿಹಿ ಕೊಡುವುದು ಅದೇ. ಹೋದರೆ ಮತ್ತೆ ಬರಿಸಲು ಇನ್ನೊಂದು ಜನ್ಮ ಬೇಕು. ಇದನ್ನೂ ರೈಲ್ವೆಯವರೇ ಹೇಳಿದರು. ಆಮೇಲೆ ದೊಡ್ಡಮ್ಮ, ಇವತ್ತು ನಿಮಗೆ ದಣಿವಾಗಿದೆ, ಬೇಗ ಮನೆಗೆ ಹೋಗಿ ಅಂತ ಬಹಳ ಮರ್ಯಾದೆಯ ಜಪಾನಿಯಲ್ಲಿ ಹೇಳಿದರು. ಅಷ್ಟು ಮರ್ಯಾದೆಯ ಮಾತು ಅವರು ನನ್ನ ಜೊತೆ ಅದುವರೆಗೆ ಆಡಿರಲಿಲ್ಲ. ಸುಮಿಮಾಸೆನ್, ಕ್ಷಮಿಸಿ, ಅಂತ ಎಷ್ಟು ಸಲ ಅಂದೆನೋ, ಗುಡ್ಡ ಇಳಿಯುವಾಗ ಮರಗಳಿಗೂ ಹೇಳುತ್ತಿದ್ದೆ ಅನ್ನಿಸುತ್ತದೆ.

ಅವತ್ತು ಗಂಡ ಬಂದಾಗ ಎಲ್ಲ ಹೇಳಿದೆ. ಅವರು ಬೂಟು ಬಿಚ್ಚುತ್ತಿದ್ದವರು ಒಂದು ಕಾಲಲ್ಲೇ ನಿಂತು ಕೇಳಿಸಿಕೊಂಡರು. ಮುಗಿದ ಮೇಲೆ ಅವರ ಬಾಯಿಯ ಅಂಚು ಅಲುಗಿತು.

"ನಾನು ಆವತ್ತು ನಿನ್ನ ಕಾವಲಿಗೆ ಸೋಪು ಹಾಕಿ ತೊಳೆದಾಗ ಎರಡು ದಿನ ಮಾತು ಬಿಟ್ಟಿದ್ದೆಯಲ್ಲೇ," ಅಂದರು. "ಹೆಲ್ಪ್ ಮಾಡೋಣ ಅಂತ ತೊಳೆದೆ ಕಣೇ ಅಂತ ಬೇಡಿಕೊಂಡರೂ ಕೇಳಲಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ದೋಸೆ ಕಾವಲಿ ನನ್ನ ಮದುವೆಯಲ್ಲಿ ಅಜ್ಜಿ ಕೊಟ್ಟದ್ದು, ಕಬ್ಬಿಣದ್ದು. ಅದಕ್ಕೆ ನೀರು ಕೂಡ ಹೆದರಿ ಹೆದರಿ ಮುಟ್ಟಿಸುತ್ತೇನೆ. ಎಣ್ಣೆ, ಅರ್ಧ ಈರುಳ್ಳಿ, ಒಂದು ಹಳೆ ಬಟ್ಟೆ, ಅಷ್ಟೇ. ಇಷ್ಟು ವರ್ಷದ ಎಣ್ಣೆ ಕುಡಿದು ಕನ್ನಡಿಯ ಹಾಗೆ ಕಪ್ಪಾಗಿದೆ. ಅವರು ಸೋಪು ಹಾಕಿದ ಮೇಲೆ ಒಂದು ತಿಂಗಳು ದೋಸೆ ಎದ್ದಿರಲಿಲ್ಲ. ಕಪ್ಪಿನ ಬೆಲೆ ಇಷ್ಟು ಚೆನ್ನಾಗಿ ಬಲ್ಲ ನಾನು ಇನ್ನೊಬ್ಬರ ಮನೆಯ ಕಪ್ಪನ್ನು ಕೊಳೆ ಅಂದುಕೊಂಡೆ.

ನಾಲ್ಕನೆಯ ಮಂಗಳವಾರ ತೀರ್ಮಾನದ ದಿನ. ಹೋಗುವುದೇ ಬೇಡ, ಕ್ಷಮಾಪಣೆಯ ಪತ್ರ ಕಳಿಸಿಬಿಡೋಣ ಅಂತ ಮನಸ್ಸು ಹೇಳುತ್ತಿತ್ತು. ಮಗಳನ್ನು ಕೂರಿಸಿಕೊಂಡು ಪತ್ರ ಶುರುಮಾಡಿದೆ. ಅವಳು ನನ್ನ ಒಂದೊಂದು ವಾಕ್ಯವನ್ನೂ ತಿದ್ದಿದಳು, ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಅಮ್ಮಾ, ಕಾವಲಿ ತೋರಿಸು ಅವರಿಗೆ," ಅಂದಳು. ಕನ್ನಡದಲ್ಲಿ. ಹೋಳಿಗೆಯ ಮಾತಿಲ್ಲದೆ.

ಹೀಗೆ ನಾನು ಕಾವಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಎರಡು ರೈಲು ಬದಲಿಸಿ ಹೋದೆ. ಬೆಳಗಿನ ರಶ್ಶಿನಲ್ಲಿ ಒಬ್ಬ ಸೂಟಿನವರ ಮೊಣಕಾಲಿಗೆ ಅದು ಠಣ್ ಎಂದು ಬಡಿಯಿತು. ಅವರೇ ನನಗೆ ಸುಮಿಮಾಸೆನ್ ಅಂದರು.

ಗುಂಪಿನವರಲ್ಲಿ ನಾಲ್ಕು ಜನ ಬೆಂಕಿಯ ಸುತ್ತ ಕೂತಿದ್ದರು. ಕೆಟಲ್ ಅದೇ ಕೊಕ್ಕೆಯಲ್ಲಿತ್ತು, ಬೂದುಬಣ್ಣದ ಮೈಯಲ್ಲಿ, ಎಲ್ಲರ ನಡುವೆ ಬಟ್ಟೆಯಿಲ್ಲದೆ ನಿಂತವರ ಹಾಗೆ. ನಾನು ಸೊಸೆಯ ಜಾಗದಲ್ಲಿ ಕೂತು, ಕಲಿತುಕೊಂಡು ಹೋಗಿದ್ದ ಕ್ಷಮೆಯ ವಾಕ್ಯಗಳನ್ನು ಹೇಳಿದೆ, ಮೂರನೆಯದು ಮರೆತುಹೋಯಿತು. ಆಗ ಸೀರೆ ಬಿಚ್ಚಿ ಕಾವಲಿಯನ್ನು ದೊಡ್ಡಮ್ಮನ ಮುಂದಿಟ್ಟೆ. ಇದು ನಮ್ಮಜ್ಜಿ ಕೊಟ್ಟದ್ದು, ಇದನ್ನು ನಾವು ತೊಳೆಯುವುದಿಲ್ಲ, ನನ್ನ ಗಂಡ ಒಂದು ಸಲ ಸೋಪು ಹಾಕಿದರು, ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ, ನನಗೆ ಗೊತ್ತಿರಬೇಕಾಗಿತ್ತು, ಗೊತ್ತಿದ್ದೂ ಹೀಗೆ ಮಾಡಿದೆ ಅಂತ ಮುರುಕು ಜಪಾನಿಯಲ್ಲಿ ಹೇಳಿ ಮುಗಿಸಿದೆ.

ದೊಡ್ಡಮ್ಮ ಕಾವಲಿಯ ಮೇಲೆ ಬೆರಳು ಸವರಿದರು. ಬೆರಳನ್ನು ಮೂಸಿ ನೋಡಿದರು. ಮಗುಚಿ ಹಿಂಭಾಗ ನೋಡಿದರು. ನಮ್ಮ ಹೊಲಿಗೆಯ ಸಿಸ್ಟರ್ ಎಲ್ಲಿದ್ದರೂ ಅವತ್ತು ನನ್ನ ಪಕ್ಕ ಬಂದು ನಿಂತ ಹಾಗಾಯಿತು.

"ಎರಡೇ ದಿನವೇ?" ಅಂತ ಕೇಳಿದರು.

ರೈಲ್ವೆಯವರು ಈ ಸಲ ಕೆಮ್ಮಲಿಲ್ಲ, ನೇರವಾಗಿಯೇ ನಕ್ಕರು. ಆಮೇಲೆ ದೊಡ್ಡಮ್ಮ ಅವರ ಅತ್ತೆಯ ವಿಷಯ ಹೇಳಿದರು. ಮದುವೆಯಾಗಿ ಬಂದ ಮೇಲೆ ಹತ್ತು ವರ್ಷ ಅತ್ತೆ ಆ ಕೆಟಲ್ ಮುಟ್ಟಲು ಬಿಟ್ಟಿರಲಿಲ್ಲವಂತೆ. ಸೊಸೆಯ ಜಾಗದಲ್ಲಿ ಹೊಗೆ ಕುಡಿಯುತ್ತ ಕೂತು ನೋಡುವುದಷ್ಟೇ. ಕೊನೆಗಾಲದಲ್ಲಿ ಅತ್ತೆಗೆ ಕೈ ನಡುಗಲು ಶುರುವಾದಾಗ, ಒಂದು ದಿನ ಏನೂ ಹೇಳದೆ ಹಿಡಿಯನ್ನು ಇವರ ಕಡೆ ತಿರುಗಿಸಿದರಂತೆ, ಅಷ್ಟೇ. ಆ ಮಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅತ್ತೆಯದೇ ಆಗಿತ್ತು ಅಂದರು. ಬೆಂಕಿ ಚಿಟಿಚಿಟಿ ಅಂದಿತು. ನಾನು ತಲೆ ಎತ್ತಲಿಲ್ಲ.

"ಹೊಸ ಮಸಿ ಕೂರಿಸಬೇಕು," ಅಂದರು ಆಮೇಲೆ, ಮಾಡಿನ ಕಡೆ ನೋಡುತ್ತ. "ತೊಳೆದವರೇ ಕೂರಿಸಬೇಕು. ಕಪ್ಪಾಗುವವರೆಗೆ ಮಂಗಳವಾರ ತಪ್ಪಿಸಬಾರದು."

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದೆ.

"ನಮ್ಮತ್ತೆಗೆ ನಲವತ್ತು ವರ್ಷ ಹಿಡಿಯಿತು."

ಉಳಿದ ಮೂವರು ತಲೆಯಾಡಿಸಿದರು. ತೀರ್ಮಾನ ಅಂದರೆ ಅದೇ ಅಂತ ನನಗೆ ಗೊತ್ತಾಗಲು ಒಂದು ನಿಮಿಷ ಬೇಕಾಯಿತು. ನನ್ನ ಗಂಡನ ವೀಸಾ ಪ್ರತಿ ಸಲ ಹೊಸದಾಗುವಾಗ ಇನ್ನೆಷ್ಟು ದಿನವೋ ಅಂತ ನಾವು ಕ್ಯಾಲೆಂಡರ್ ನೋಡುತ್ತಿದ್ದವರು. ಈ ದೇಶದಲ್ಲಿ ಯಾರೂ ನನಗೆ ನಲವತ್ತು ವರ್ಷದ ಕೆಲಸ ಕೊಟ್ಟಿರಲಿಲ್ಲ.

ಆಮೇಲಿನದು ಹೆಚ್ಚು ಹೇಳುವುದಿಲ್ಲ. ಮಂಗಳವಾರ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹುಳಿ ಹಿಂದಿನ ದಿನದ್ದು. ನನ್ನ ಕೂದಲಿಗೆ, ಕೋಟಿಗೆ ಹೊಗೆಯ ವಾಸನೆ. ಮಗಳು ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಈಗ ಸಂಜೆ ಬಾಗಿಲು ತೆಗೆದ ಕೂಡಲೇ ನನ್ನ ತೋಳಿಗೆ ಮುಖ ಒತ್ತಿ, ಇವತ್ತು ಸಂಪಿಗೆ ಕಂಪಿನ ಹೊಗೆ, ಇವತ್ತು ಒದ್ದೆ ಸೌದೆ ಅಂತ ಅಂದಾಜು ಹೇಳುತ್ತಾಳೆ. ಸಂಪಿಗೆ ಅಂತ ಅವಳಿಗೆ ಹೇಳಿಕೊಟ್ಟದ್ದು ಯಾವಾಗ ಎಂದು ನನಗೇ ನೆನಪಿಲ್ಲ. ಅವಳ ಶಾಲೆಯ ಫಾರ್ಮಿನಲ್ಲಿ ತಾಯಿಯ ಕೆಲಸ ಅನ್ನುವ ಜಾಗವನ್ನು ನಾನು ಖಾಲಿ ಬಿಡುತ್ತಿದ್ದೆ. ಈ ವರ್ಷ ತುಂಬಿ ಬಂದಿತ್ತು, ಅವಳ ಅಕ್ಷರದಲ್ಲಿ: ಬೆಂಕಿ.

ಕೆಟಲ್ ಮೊದಲು ಕಂದಾಯಿತು, ಮಳೆಗಾಲದಲ್ಲಿ ಹಿಡಿಯ ಬುಡದಲ್ಲಿ ತುಸು ತುಕ್ಕು ಕಂಡು ನನ್ನ ಜೀವ ಹೋಯಿತು. ದೊಡ್ಡಮ್ಮ ಚಹಾದ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿ ಕಬ್ಬಿಣದ ಮೇಲೆ ತಟ್ಟುವುದನ್ನು ತೋರಿಸಿಕೊಟ್ಟರು. ನಾನು ಅವರಿಗೆ ಒಂದು ಮಧ್ಯಾಹ್ನ ಅದೇ ಕೆಂಡದ ಮೇಲೆ ಮುಕ್ಕಾಲಿಯಿಟ್ಟು ದೋಸೆ ಹುಯ್ದು ಕೊಟ್ಟೆ. ರೈಲ್ವೆಯವರು ಐದು ತಿಂದರು. ದೊಡ್ಡಮ್ಮ ಒಂದೇ ತಿಂದು, ಕಾವಲಿಯಿಂದ ದೋಸೆ ಹೇಗೆ ಏಳುತ್ತದೆ ಎನ್ನುವುದನ್ನು ಮಾತ್ರ ಬಗ್ಗಿ ಬಗ್ಗಿ ನೋಡಿದರು.

ಹೋದ ಶರತ್ಕಾಲದಲ್ಲಿ ಮತ್ತೆ ಮೂರನೇ ಕ್ಲಾಸಿನ ಮಕ್ಕಳು ಬಂದರು. ಮಗಳ ಶಾಲೆಯವೇ, ಆ ವರ್ಷದವು. ನಾನು ಎಂದಿನಂತೆ ಸೌದೆಯ ಬಾಲದ ಕಡೆ ಕೂರಲು ಹೋದೆ. ಅಲ್ಲಿ ಆಗಲೇ ದೊಡ್ಡಮ್ಮ ಕೂತಿದ್ದರು. ಇವತ್ತು ಗಾಳಿ ಆ ಕಡೆಯಿಂದಿದೆ, ನನಗೆ ಇಲ್ಲೇ ವಾಸಿ ಅಂದರು. ಗಾಳಿ ಎಲ್ಲಿಂದಲೂ ಇರಲಿಲ್ಲ. ಹೊಗೆ ನೇರವಾಗಿ ಅವರ ಮುಖಕ್ಕೇ ಹೋಗುತ್ತಿತ್ತು. ಖಾಲಿಯಿದ್ದದ್ದು ಅಡುಗೆಯ ಕಡೆಯ ಜಾಗ ಒಂದೇ. ಕೂತೆ. ಕೈ ಚಾಚಿದರೆ ಸೌಟು ಸಿಕ್ಕಿತು. ಕೆಟಲ್ಲಿನ ಹಿಡಿ ನನ್ನ ಕಡೆ ತಿರುಗಿತ್ತು.

ಕೆಟಲ್ ಈಗ ಬಹುಮಟ್ಟಿಗೆ ಕಪ್ಪು. ಮೂತಿಯ ಕೆಳಗೆ, ಹೊಗೆ ತಲುಪದ ಮೂಲೆಯಲ್ಲಿ, ಹೆಬ್ಬೆಟ್ಟಿನಷ್ಟು ಜಾಗ ಇನ್ನೂ ಬೂದುಬಣ್ಣ. ಕನ್ನಡಕದ ಒಬ್ಬ ಪುಟ್ಟ ಹುಡುಗಿ ಅದನ್ನೇ ನೋಡುತ್ತಿದ್ದಳು. ಹಲಗೆಯ ಮೇಲೆ ಪೆನ್ಸಿಲ್ ಊರಿ, ಅಲ್ಲಿ ಮಾತ್ರ ಯಾಕೆ ಹಾಗೆ ಅಂತ ಕೇಳಿದಳು.

ದೊಡ್ಡಮ್ಮ ನನ್ನನ್ನು ನೋಡಿದರು. ನೀವೇ ಹೇಳಿ ಅನ್ನುವ ನೋಟ.

"ಅದು ನಾನು ತೊಳೆದದ್ದು," ಅಂದೆ.

ಹುಡುಗಿ ಅದನ್ನು ಹಾಗೇ ಬರೆದುಕೊಂಡಳು. ಬರೆದು ಮುಗಿಸಿ, ನಿಮ್ಮ ಹೆಸರೇನು ಅಂತ ಕೇಳಿದಳು, ಹಾಳೆಯಲ್ಲಿ ಅದಕ್ಕೊಂದು ಗೆರೆ ಇತ್ತು. ಹೇಳಿದೆ. ಉದ್ದದ ಹೆಸರು, ಎರಡು ಸಲ ಹೇಳಬೇಕಾಯಿತು. ಅವಳು ಒಂದೊಂದೇ ಅಕ್ಷರ ಬರೆಯುತ್ತಿದ್ದಾಗ ನೀರು ಕುದಿಯಲು ಶುರುವಾಯಿತು. ಮರದ ಮೀನನ್ನು ಹಿಡಿದು ಕೊಕ್ಕೆಯನ್ನು ಒಂದು ಗೇಣು ಮೇಲಕ್ಕೆಳೆದು, ಸೌದೆಯ ತುದಿಗಳನ್ನು ಹತ್ತಿರ ಸರಿಸಿದೆ.